ಲೀಟರಪ್ಪ ಕಂಡ ತೆಳು ಹಾಲು

ಆಸ್ಪತ್ರೆಯ ಕಾವಲುಗಾರನಿಂದ ಹಿಡಿದು ಮಕ್ಕಳ ಡಾಕ್ಟರವರೆಗೆ ಎಲ್ಲರೂ ಅವನನ್ನು ಲೀಟರಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ಈ ಹೊಸ ಹೆಸರು ಬಂದದ್ದು ಕೆಲಸಕ್ಕೆ ಸೇರಿದ ಮೊದಲನೆಯ ದಿನ, ಅವನದೇ ಬಾಯಿಯ ದೆಸೆಯಿಂದ.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅವನು ಡೈರಿಯಲ್ಲಿ ದುಡಿದಿದ್ದ. ಬೆಳಗಾಗುತ್ತಲೇ ಹಾಲು ತಂದವರ ಸಾಲು. ಒಬ್ಬೊಬ್ಬರ ಪಾತ್ರೆಗೂ ಲ್ಯಾಕ್ಟೋಮೀಟರು ಇಳಿಸಿ ನೀರು ಬೆರೆತಿದೆಯೇ ಎಂದು ನೋಡಬೇಕು. ಅನುಮಾನ ಬಂದರೆ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಇಟ್ಟು ಅದು ನಿಲ್ಲುತ್ತದೆಯೋ ಜಾರುತ್ತದೆಯೋ ಪರೀಕ್ಷಿಸಬೇಕು. ಆಮೇಲೆ ನಲವತ್ತು ಲೀಟರಿನ ಕ್ಯಾನುಗಳನ್ನು ಲಾರಿಗೆ ಏರಿಸಬೇಕು. ಕಡೆಕಡೆಗೆ ಅವನಿಗೆ ಉಪಕರಣವೇ ಬೇಕಿರಲಿಲ್ಲ. ಪಾತ್ರೆಯನ್ನು ಒಮ್ಮೆ ವಾಲಿಸಿ, ಅಂಚಿಗೆ ಅಂಟಿದ ಹಾಲು ಇಳಿಯುವ ಬಗೆ ನೋಡಿ, "ತೆಳ್ಳಗಿದೆಯಲ್ಲಾ" ಎಂದರೆ ಮುಗಿಯಿತು. ಹಾಲು ತಂದವನು ತಲೆ ತಗ್ಗಿಸುತ್ತಿದ್ದ. ಡೈರಿಗೆ ಯಂತ್ರ ಬಂದ ಮೇಲೆ ಆ ಕಣ್ಣಿನ ಅಗತ್ಯ ಬೀಳಲಿಲ್ಲ. ದೊಡ್ಡಾಸ್ಪತ್ರೆಯ ಹಾಲಿನ ಬ್ಯಾಂಕಿಗೆ ಮನೆ ಮನೆಯಿಂದ ಹಾಲು ತರುವವರು ಬೇಕಂತೆ ಎಂದು ಯಾರೋ ಹೇಳಿದರು. ಹಾಲೆಂದರೆ ಹಾಲು ತಾನೆ ಎಂದುಕೊಂಡು ಹೋದ.

ಬ್ಯಾಂಕಿನ ಸಿಸ್ಟರ್ ಕೆಲಸ ವಿವರಿಸುವ ಮೊದಲೇ ಅವನು ಕೇಳಿದ್ದು, "ದಿನಕ್ಕೆ ಎಷ್ಟು ಲೀಟರ್ ಎತ್ತಬೇಕು ಸಿಸ್ಟರ್? ಲಾರಿ ಯಾವುದು?"

ಸಿಸ್ಟರ್ ಮೇಜಿನ ಖಾನೆಯಿಂದ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಬಾಟಲಿಯೊಂದನ್ನು ತೆಗೆದು ಅವನ ಮುಂದಿಟ್ಟರು. "ಲಾರಿ ಅಂದ್ರೆ ಹೊರಗೆ ನಿಂತಿದೆಯಲ್ಲ, ಆ ಸ್ಕೂಟರ್. ಕ್ಯಾನು ಅಂದ್ರೆ ಇದು."

ಇದು ತಾಯಂದಿರ ಎದೆಹಾಲು, ಹೆಚ್ಚಾಗಿ ಬರುವವರು ಹಿಂಡಿ ಕೊಡುತ್ತಾರೆ, ತಿಂಗಳು ತುಂಬದೆ ಹುಟ್ಟಿ ತಾಯಿಯ ಹಾಲು ಇನ್ನೂ ಸಿಗದ ಕೂಸುಗಳಿಗೆ ಹಾಕುತ್ತಾರೆ ಎಂಬುದು ತಿಳಿದಾಗ ಅವನ ಕಿವಿ ಕೆಂಪಾಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಇಷ್ಟು ವರ್ಷ ಊರಿಗೆ ಹಾಲು ಹಾಕಿದ್ರಿ. ಈಗ ಊರಿನ ಹಾಲು ಎತ್ತೋಕೆ ಹೊರಟ್ರಾ? ಹೋಗಿ, ಆದ್ರೆ ಅಲ್ಲೂ ಹೋಗಿ ನೀರು ಹಾಕಿದ್ದೀರಾ ಅಂತ ಕೇಳಬೇಡಿ" ಎಂದಳು. ಅವಳು ತಮಾಷೆಗೆ ಆಡಿದ ಮಾತು ಅದು. ನಾಲ್ಕು ವರ್ಷದ ಮೇಲೆ ಅದೇ ಅವನ ಎದೆಗೆ ಚುಚ್ಚಲಿತ್ತು.

ಕೆಲಸ ಮೇಲುನೋಟಕ್ಕೆ ಸುಲಭವಾಗಿತ್ತು. ಸ್ಕೂಟರಿನ ಹಿಂದೆ ಬಿಗಿದ ತಂಪುಪೆಟ್ಟಿಗೆ, ಅದರೊಳಗೆ ಸುತ್ತಲೂ ಐಸಿನ ಚೀಲ, ಮುಚ್ಚಳದಲ್ಲಿ ಶಾಖ ತೋರಿಸುವ ಪುಟ್ಟ ಗಡಿಯಾರದಂಥ ಯಂತ್ರ. ಪ್ರತಿ ತಾಯಿಗೂ ಒಂದು ಸಂಖ್ಯೆ. ಬಾಟಲಿಯ ಚೀಟಿಯ ಮೇಲೆ ಆ ಸಂಖ್ಯೆ ಮತ್ತು ತಾರೀಖು ಮಾತ್ರ, ಹೆಸರು ಇರಕೂಡದು. ಕೊಟ್ಟವರಿಗೆ ಯಾರು ಕುಡಿದರೆಂದು ಹೇಳುವಂತಿಲ್ಲ, ಕುಡಿದವರಿಗೆ ಯಾರು ಕೊಟ್ಟರೆಂದು ಹೇಳುವಂತಿಲ್ಲ. ಬಾಗಿಲಲ್ಲಿ ನಿಂತು ಓದಬೇಕಾದ ಪ್ರಶ್ನೆಗಳ ರಟ್ಟೊಂದಿತ್ತು: ಈ ವಾರ ಜ್ವರ ಬಂದಿತ್ತೇ, ಮಾತ್ರೆ ತೆಗೆದುಕೊಂಡಿರಾ, ಹಾಲು ಹಿಂಡುವ ಪಂಪನ್ನು ಕುದಿಯುವ ನೀರಿನಲ್ಲಿ ತೊಳೆದಿರಾ. ಮೊದಮೊದಲು ಲೀಟರಪ್ಪ ಅದನ್ನು ಬಾಗಿಲ ಚೌಕಟ್ಟಿಗೆ ಓದಿ ಹೇಳುತ್ತಿದ್ದ. ಕಣ್ಣು ಚೌಕಟ್ಟು ಬಿಟ್ಟು ಕದಲುತ್ತಿರಲಿಲ್ಲ.

ನಾಲ್ಕು ವರ್ಷದಲ್ಲಿ ಅವನು ಎಂಥೆಂಥ ಬಾಗಿಲುಗಳನ್ನು ಕಂಡ! ಬೇಕರಿಯವರ ಮನೆಯಲ್ಲಿ ಸೊಸೆ ಬಾಟಲಿ ಕೊಡುವಾಗ ಅತ್ತೆ ಪಕ್ಕದಲ್ಲೇ ನಿಂತು, ಮನೆಯ ಒಡವೆ ಹೊರಗೆ ಹೋಗುತ್ತಿರುವಂತೆ ನೋಡುತ್ತಿದ್ದರು. ಆದರೂ ಅವನು ಮೆಟ್ಟಿಲಿಳಿಯುವಾಗ, "ನೆಟ್ಟಗೆ ಇಟ್ಕೊಂಡು ಹೋಗಪ್ಪಾ, ಗುಂಡಿ ನೋಡಿ ಓಡಿಸು" ಎಂದು ಎಚ್ಚರಿಸುವವರೂ ಅವರೇ. ಬಸ್ಸಿನ ಕಂಡಕ್ಟರ್ ಹೆಂಗಸೊಬ್ಬಳು ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಹಾಲು ಹಿಂಡಿ, ಟಿಕೆಟ್ ಹರಿದು ಕೊಡುವಷ್ಟೇ ಸರಾಗವಾಗಿ ಬಾಟಲಿ ನೀಡಿ, "ಮುಂದಿನ ಸ್ಟಾಪ್ ಆಸ್ಪತ್ರೆ, ಎಲ್ಲೂ ಇಳೀಬೇಡಿ ಅಣ್ಣ" ಎನ್ನುತ್ತಿದ್ದಳು. ಇನ್ನೊಂದು ಮನೆಯಲ್ಲಿ ಎರಡು ವಾರ ಕೊಟ್ಟ ಮೇಲೆ ಗಂಡ ಬಾಗಿಲಿಗೆ ಬಂದು, ನಮ್ಮ ಕೂಸಿನ ಪಾಲು ಕಡಿಮೆಯಾದರೆ ಎಂದು ಭಯವಾಗುತ್ತದೆ ಎಂದು ನಾಚಿಕೊಂಡೇ ಹೇಳಿದ. ಹಿಂಡಿದಷ್ಟೂ ಬರುತ್ತದೆಂದು ಸಿಸ್ಟರ್ ಫೋನಿನಲ್ಲಿ ಎಷ್ಟು ತಿಳಿಹೇಳಿದರೂ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಲೀಟರಪ್ಪ ಯಾರನ್ನೂ ಬಯ್ಯಲಿಲ್ಲ. ತನ್ನ ಕೂಸಿನ ಬಾಯಿಗೆ ಬಂದದ್ದನ್ನು ಬೇರೆಯವರಿಗೆ ಕೊಡುವುದು ಸಣ್ಣ ಮಾತಲ್ಲ ಎಂದಷ್ಟೇ ಅಂದುಕೊಂಡ.

ಆದರೆ ಡೈರಿಯ ಕಣ್ಣು ಅವನನ್ನು ಬಿಟ್ಟಿರಲಿಲ್ಲ. ಬಾಟಲಿ ಕೈಗೆ ಬಂದೊಡನೆ ಬೆಳಕಿಗೆ ಹಿಡಿದು ವಾಲಿಸಿ ನೋಡುತ್ತಿದ್ದ. ಬೇಕರಿಯವರ ಸೊಸೆಯ ಹಾಲು, ಹದಿನೇಳನೆಯ ಸಂಖ್ಯೆ, ನಸುಹಳದಿಯಾಗಿ ಮೇಲೆ ಎರಡು ಬೆರಳು ಕೆನೆ ಕಟ್ಟುತ್ತಿತ್ತು. ಅದನ್ನು ಕಂಡರೆ ಅವನ ಮನಸ್ಸು ತುಂಬುತ್ತಿತ್ತು. ಮೂವತ್ತೊಂದನೆಯ ಸಂಖ್ಯೆ ಕಂಡರೆ ಮಾತ್ರ ಹುಬ್ಬು ಗಂಟಾಗುತ್ತಿತ್ತು.

ಮೂವತ್ತೊಂದು ಎಂದರೆ ಹಳೆಯ ಕಟ್ಟಡದ ಮೂರನೆಯ ಮಹಡಿ. ಅಲ್ಲಿಗೆ ಮೊದಲ ಸಲ ಹೋದಾಗ ಬಾಗಿಲು ತೆರೆದದ್ದು ಗಂಡ, ಗಡಿಯಾರ ರಿಪೇರಿ ಮಾಡುವವನು. ಭೂತಗನ್ನಡಿ ಇನ್ನೂ ಹಣೆಯ ಮೇಲೇ ಇತ್ತು. ಲೀಟರಪ್ಪ ಅಭ್ಯಾಸದಂತೆ, ಮಗು ಚೆನ್ನಾಗಿದೆಯೇ ಎಂದು ವಿಚಾರಿಸಿದ. ಗಂಡ ಭೂತಗನ್ನಡಿಯನ್ನು ಹಣೆಯಿಂದ ತೆಗೆದು, "ಮಗು ಇಲ್ಲ. ಏಳನೇ ತಿಂಗಳಿಗೆ ಹುಟ್ಟಿತ್ತು, ನಾಲ್ಕು ದಿನ ಇತ್ತು. ಹಾಲಿದೆ" ಎಂದ. ಹಿಂದಿನಿಂದ ಹೆಂಡತಿ ಬಂದು ಬಾಟಲಿ ಕೊಟ್ಟಳು. ಆಕೆ ಅಚ್ಚುಕೂಟದಲ್ಲಿ ಪುಸ್ತಕ ಹೊಲಿದು ರಟ್ಟು ಕಟ್ಟುವವಳು. ಬಾಟಲಿಯ ಮೇಲಿನ ಚೀಟಿ ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ. ನಾಲ್ಕು ಅಂಚೂ ಉಗುರಿನಿಂದ ತೀಡಿ ಕೂರಿಸಿದಂತಿತ್ತು. ಅಂದು ಲೀಟರಪ್ಪನಿಗೆ ಪ್ರಶ್ನೆಯ ರಟ್ಟನ್ನು ಪೂರ್ತಿ ಓದಲು ಆಗಿರಲಿಲ್ಲ.

ಅಂಥ ಮನೆಯಲ್ಲಿಯೇ ಅವನ ನಾಲಿಗೆ ಜಾರಿತು. ಹೋಗಿ ಬಂದು ರೂಢಿಯಾದ ಮೇಲೆ ಒಂದು ಬೆಳಗ್ಗೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಾಲು ನೀಲಿ ಬೆರೆತ ಬಿಳುಪಾಗಿ ಗಾಜಿನಂತೆ ತಿಳಿಯಾಗಿತ್ತು. ಬೇಕೆಂದು ಆಡಿದ್ದಲ್ಲ, ಆಕೆಗೆ ಹೇಳಿದ್ದೂ ಅಲ್ಲ, ಇಪ್ಪತ್ತೆರಡು ವರ್ಷದ ಅಭ್ಯಾಸ ಬಾಟಲಿಯ ಜೊತೆ ಮಾತಾಡಿತು: "ತೆಳ್ಳಗಿದೆಯಲ್ಲಾ."

ಆಕೆ ಕೇಳಿಸಿಕೊಂಡಳು. "ಇಂಥದ್ದು ಪ್ರಯೋಜನಕ್ಕೆ ಬರಲ್ವಾ ಅಣ್ಣ?" ಎಂದು ಕೇಳಿದಳು.

ಆಗಲಾದರೂ ಮಾತು ತಿದ್ದಿಕೊಳ್ಳಬಹುದಿತ್ತು. ಅವನು, "ಏನೋಮ್ಮಾ, ಅಲ್ಲಿಯವರು ನೋಡ್ಕೋತಾರೆ" ಎಂದು ಪೆಟ್ಟಿಗೆ ಮುಚ್ಚಿದ. ಮುಂದಿನ ಸಲ ಹೋದಾಗ ಗಂಡ ಬಾಗಿಲನ್ನು ಅರ್ಧ ತೆರೆದು, ಇವತ್ತು ಇಲ್ಲ ಎಂದ. ಅದರ ಮುಂದಿನ ಸಲವೂ ಅದೇ. ಲೀಟರಪ್ಪ ಪುಸ್ತಕದಲ್ಲಿ ಒಂದು ಗೆರೆ ಎಳೆದು ಬೇರೆ ಬೀದಿಗೆ ತಿರುಗಿದ. ಮೂರು ಮಹಡಿ ಹತ್ತುವುದು ತಪ್ಪಿತೆಂದು ಮೊಣಕಾಲಿಗೆ ಸ್ವಲ್ಪ ಸಂತೋಷವೇ ಆಯಿತು.

ಹತ್ತು ದಿನ ಕಳೆದಿರಬಹುದು. ಅವನ ಒಬ್ಬಳೇ ಮಗಳಿಗೆ ರಕ್ತದೊತ್ತಡ ಏರಿ, ಎರಡು ತಿಂಗಳು ಮೊದಲೇ ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಕೂಸು, ತೂಕ ಒಂದು ಕಿಲೋ ನೂರು ಗ್ರಾಂ. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಮೊಮ್ಮಗಳನ್ನು ಅವನು ಹೊರಗಿನಿಂದ ನೋಡಿದ. ಅದರ ತೊಡೆ ಅವನ ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ. ಉಸಿರೆಳೆದಾಗಲೆಲ್ಲ ಎದೆಗೂಡು ಒಳಗೆ ಕುಸಿದು ಮೇಲೇಳುತ್ತಿತ್ತು. ನಲವತ್ತು ಲೀಟರಿನ ಕ್ಯಾನನ್ನು ಒಂದೇ ಎಳೆತಕ್ಕೆ ಎತ್ತುತ್ತಿದ್ದವನು ಗಾಜಿನ ಮೇಲೆ ಒಂದು ಬೆರಳನ್ನಷ್ಟೇ ಇಟ್ಟ.

ಮರುದಿನ ಬೆಳಗ್ಗೆ ಡಾಕ್ಟರು ಬಂದು ವಿವರಿಸಿದರು. ಮಗಳಿಗೆ ಹಾಲು ಇಳಿಯಲು ಇನ್ನೂ ಕೆಲವು ದಿನ ಹಿಡಿಯಬಹುದು. ಅಷ್ಟರವರೆಗೆ ಕೂಸಿನ ಕರುಳಿಗೆ ಡಬ್ಬದ ಪುಡಿಗಿಂತ ಬ್ಯಾಂಕಿನ ತಾಯಿಹಾಲೇ ಕ್ಷೇಮ. ಒಪ್ಪಿದರೆ ಇವತ್ತೇ ಸಂಜೆ ಶುರುಮಾಡೋಣ, ಈ ಕಾಗದಕ್ಕೆ ತಾಯಿ ರುಜು ಹಾಕಬೇಕು ಎಂದರು.

ಡಾಕ್ಟರು ಆಚೆ ಹೋದದ್ದೇ ತಡ, ಬೀಗಿತ್ತಿ ಬಾಯಿ ತೆರೆದರು. ಅವರು ಕೆಟ್ಟವರಲ್ಲ, ಎರಡು ದಿನದಿಂದ ಊಟ ನಿದ್ರೆ ಬಿಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. "ಯಾರ ಹಾಲೋ ಏನೋ. ಕುಡಿದವರಿಗೆ ಕೊಟ್ಟವರ ಗುಣ ಬರುತ್ತೆ ಅಂತಾರೆ. ನಾಳೆ ಈ ಹುಡುಗಿ ಯಾರ ಥರ ಆಗ್ತಾಳೋ" ಎಂದರು.

ಲೀಟರಪ್ಪನ ಹೆಂಡತಿ ಕೈಯಲ್ಲಿದ್ದ ಬಟ್ಟೆ ಮಡಚುತ್ತಲೇ ಕೇಳಿದಳು: "ಅಳಿಯಂದಿರು ಡಬ್ಬದ ಹಾಲು ಕುಡಿದೇ ಬೆಳೆದ್ರು ಅಂತ ನೀವೇ ಹೇಳಿದ್ರಲ್ಲ. ಅದು ಯಾವ ಹಸುವಿನ ಗುಣ ಅಂತ ಆಗ ವಿಚಾರಿಸಿದ್ರಾ?"

ಮೂಲೆಯಲ್ಲಿ ನಿಂತಿದ್ದ ಅಳಿಯ ನಕ್ಕುಬಿಟ್ಟ. ಬೀಗಿತ್ತಿಯ ತುಟಿಯ ಕೊನೆಯೂ ಸಡಿಲವಾಯಿತು. ಆದರೆ ಮಗಳು ನಗಲಿಲ್ಲ. ಅವಳು ಒಪ್ಪಿಗೆಯ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ತಂದೆಯನ್ನೇ ನೋಡುತ್ತಿದ್ದಳು.

"ಅಪ್ಪಾ, ಅದು ನೀನು ತರೋ ಹಾಲು ತಾನೆ? ಆ ಮನೆಗಳನ್ನೆಲ್ಲ ನೋಡಿರೋನು ನೀನೊಬ್ಬನೇ. ನೀನು ಹೂಂ ಅಂದ್ರೆ ರುಜು ಹಾಕ್ತೀನಿ."

ಲೀಟರಪ್ಪ ಬಾಯಿ ತೆರೆದ. ಹೂಂ ಎನ್ನಲು ನಾಲಿಗೆ ಹೊರಳಲಿಲ್ಲ. ನಾಲ್ಕು ವರ್ಷದಿಂದ ಊರವರ ಕೂಸುಗಳಿಗೆ ಹಾಲು ಹೊತ್ತು ತಂದವನಿಗೆ, ತನ್ನ ಕೂಸಿನ ಮಾತು ಬಂದಾಗ ಒಂದೊಂದು ಮನೆಯೂ ಕಣ್ಣಮುಂದೆ ಬಂದು ನಿಂತಿತು. ಆ ಮನೆಯಲ್ಲಿ ಹೋದ ವಾರ ಯಾರೋ ಕೆಮ್ಮುತ್ತಿದ್ದರಲ್ಲ, ಈ ಮನೆಯಲ್ಲಿ ಅಡುಗೆಮನೆ ಕತ್ತಲಾಗಿತ್ತಲ್ಲ, ಮತ್ತೊಂದರಲ್ಲಿ ಹಾಲು ನೀರು ನೀರಾಗಿತ್ತಲ್ಲ. ತಿಳಿಯದವರಿಗೆ ಒಂದು ಅನುಮಾನವಾದರೆ, ತಿಳಿದವನಿಗೆ ನೂರು. ಸಂಜೆಯೊಳಗೆ ಹೇಳುತ್ತೇನೆ ಎಂದು ಹೊರಟುಬಿಟ್ಟ. ಹೆಂಡತಿಯ ನೋಟ ಬೆನ್ನಿಗೆ ತಗಲುತ್ತಿದ್ದದ್ದು ಅವನಿಗೆ ಗೊತ್ತಾಗುತ್ತಿತ್ತು.

ಅಂದಿನ ಸುತ್ತಿನಲ್ಲಿ ಅವನು ಒಂದು ಕೆಲಸ ಮಾಡಿದ. ಬೇಕರಿಯವರ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಂಪು ದಾರದ ಉಂಡೆ ಗಲ್ಲಾದ ಪಕ್ಕದಲ್ಲೇ ತೂಗಾಡುತ್ತಿತ್ತು. ಒಂದು ಗೇಣು ದಾರ ಬೇಡಿ ತೆಗೆದುಕೊಂಡು, ಬೀದಿಯ ತಿರುವಿನಲ್ಲಿ ಸ್ಕೂಟರು ನಿಲ್ಲಿಸಿ, ಹದಿನೇಳನೆಯ ಬಾಟಲಿಯ ಕೊರಳಿಗೆ ಕಟ್ಟಿದ. ಡೈರಿಯಲ್ಲಿ ಮೇಲಧಿಕಾರಿಗಳ ಮನೆಗೆ ಹೋಗುವ ಕ್ಯಾನಿಗೆ ಹೀಗೆಯೇ ಗುರುತು ಕಟ್ಟುತ್ತಿದ್ದರು. ಸಿಸ್ಟರಿಗೆ ಒಂದು ಮಾತು ಹೇಳಿದರೆ ಈ ಗಟ್ಟಿ ಹಾಲು ಮೊಮ್ಮಗಳಿಗೇ ಹೋಗುತ್ತದೆ. ಆಗ ಮಗಳಿಗೆ ಧೈರ್ಯವಾಗಿ ಹೂಂ ಎನ್ನಬಹುದು ಎಂದು ಅವನ ಲೆಕ್ಕಾಚಾರ.

ಪೆಟ್ಟಿಗೆಯನ್ನು ಬ್ಯಾಂಕಿನ ಕಿಟಕಿಗೆ ಒಪ್ಪಿಸಿ, ಮಾತು ಹೇಗೆ ತೆಗೆಯುವುದೆಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಸಿಸ್ಟರೇ ಕರೆದರು. ಅವರ ಅಂಗೈಯಲ್ಲಿ ಕತ್ತರಿಸಿದ ಕೆಂಪು ದಾರವಿತ್ತು.

"ಲೀಟರಪ್ಪನವರೇ, ಇದೇನು?"

"ಬೇಕರಿ ದಾರ, ಸಿಸ್ಟರ್."

"ಅದು ಕಾಣುತ್ತೆ. ಇಷ್ಟು ಶುಚಿ ಮಾಡಿದ ಬಾಟಲಿಯ ಕೊರಳಲ್ಲಿ ಯಾಕಿತ್ತು?"

ಸುಳ್ಳು ಹೇಳಲು ಬಾರದೆ ಅವನು ಎಲ್ಲವನ್ನೂ ಒಪ್ಪಿಸಿದ. ಬೈಗುಳಕ್ಕೆ ತಯಾರಾಗಿ ನಿಂತಿದ್ದ. ಸಿಸ್ಟರ್ ದಾರವನ್ನು ಕಸದ ಬುಟ್ಟಿಗೆ ಹಾಕಿ, "ಮೊಣಕೈವರೆಗೂ ಕೈ ತೊಳ್ಕೊಂಡು ಬನ್ನಿ" ಎಂದರು. ಆಮೇಲೆ ಹಸಿರು ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ. ನಾಲ್ಕು ವರ್ಷದಲ್ಲಿ ಆ ಕಿಟಕಿಯಿಂದಾಚೆಗೆ ಅವನು ಕಾಲಿಟ್ಟಿರಲಿಲ್ಲ. ಯಾರೂ ತಡೆದಿರಲಿಲ್ಲ, ಹೆಂಗಸರ ವಿಷಯ, ನನಗೇಕೆ ಎಂದು ಅವನೇ ದೂರವಿದ್ದ.

ಕೋಣೆ ಅವನ ಮನೆಯ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಮೇಜಿನ ಮೇಲೆ ಗಾಜಿನ ಜಾಡಿ. ಅದರ ಪಕ್ಕದಲ್ಲಿ ನಾಲ್ಕು ಬಾಟಲಿಗಳಲ್ಲಿ ನಾಲ್ವರು ತಾಯಂದಿರ ಹಾಲು. ಒಂದು ನೀಲಿಛಾಯೆಯದು, ಒಂದು ದಂತದ ಬಣ್ಣದ್ದು, ಒಂದು ಹಳದಿ, ಒಂದು ಬರಿಯ ಬಿಳಿ. ಸಿಸ್ಟರ್ ಅವನ ಕಣ್ಣೆದುರಿಗೇ ನಾಲ್ಕನ್ನೂ ಜಾಡಿಗೆ ಸುರಿದು ಮೆಲ್ಲಗೆ ಸುತ್ತಿಸಿದರು. ಕ್ಷಣದಲ್ಲಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ. "ಈಗ ಇದರಲ್ಲಿ ಒಂದಕ್ಕೆ ದಾರ ಕಟ್ಟಿ ನೋಡೋಣ" ಎಂದು ಕಣ್ಣಲ್ಲೇ ನಕ್ಕರು.

ಆ ಮೇಲೆ ಒಂದೊಂದಾಗಿ ತೋರಿಸಿದರು. ಬೆರೆಸಿದ ಹಾಲನ್ನು ಬಿಸಿನೀರಿನ ತೊಟ್ಟಿಯಲ್ಲಿ ಅರುವತ್ತೆರಡೂವರೆ ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ತಟ್ಟನೆ ತಣಿಸುತ್ತಾರೆ. ಒಂದು ಚಮಚೆಯಷ್ಟನ್ನು ಪರೀಕ್ಷೆಗೆ ಕಳಿಸಿ ಎರಡು ದಿನ ಕಾಯುತ್ತಾರೆ. ಒಂದು ಕ್ರಿಮಿ ಕಂಡರೂ ಜಾಡಿ ಜಾಡಿಯೇ ಚೆಲ್ಲಿಹೋಗುತ್ತದೆ. ಕೊಡುವ ತಾಯಿಯ ರಕ್ತವನ್ನು ಮೊದಲೇ ಪರೀಕ್ಷಿಸಿರುತ್ತಾರೆ. ಇವತ್ತು ತಂದದ್ದು ಇವತ್ತೇ ಕೂಸಿನ ಬಾಯಿಗೆ ಹೋಗುತ್ತದೆಂದು ತಿಳಿದಿದ್ದ ಲೀಟರಪ್ಪನಿಗೆ, ತಾನು ಬಿಸಿಲಲ್ಲಿ ಹೊತ್ತು ತಂದ ಒಂದೊಂದು ಗುಟುಕಿನ ಹಿಂದೆಯೂ ಇಷ್ಟು ಜನರ ಇಷ್ಟು ಎಚ್ಚರವಿದೆ ಎಂಬುದು ಅಂದೇ ತಿಳಿದದ್ದು. ಬೆಳಗ್ಗೆ ಎದ್ದು ನಿಂತಿದ್ದ ನೂರು ಅನುಮಾನಗಳಲ್ಲಿ ತೊಂಬತ್ತೊಂಬತ್ತು ಆ ತೊಟ್ಟಿಯ ಬಿಸಿನೀರಿನಲ್ಲಿಯೇ ಕರಗಿದವು. ಒಂದು ಉಳಿಯಿತು.

"ಆದ್ರೂ ಸಿಸ್ಟರ್, ಅಷ್ಟು ಚಿಕ್ಕ ಕೂಸಿಗೆ ಒಳ್ಳೆ ಕೆನೆ ಇರೋ ಗಟ್ಟಿ ಹಾಲೇ ಬೇಕಲ್ವಾ?"

ಸಿಸ್ಟರ್ ಫ್ರೀಜರಿನ ಎಲ್ಲಕ್ಕಿಂತ ಕೆಳಗಿನ ಖಾನೆ ಎಳೆದರು. ಮೇಲಿನ ಖಾನೆಗಳೆಲ್ಲ ತುಂಬಿದ್ದವು. ಇದರಲ್ಲಿ ಮೂರೇ ಬಾಟಲಿ. "ಇದನ್ನ ಯಾವುದರ ಜೊತೆಗೂ ಬೆರೆಸಲ್ಲ. ತಿಂಗಳು ತುಂಬೋ ಮೊದಲೇ ಹೆತ್ತ ತಾಯಿಯದು. ನೋಡೋಕೆ ತೆಳ್ಳಗಿರುತ್ತೆ. ಆದ್ರೆ ಚಿಕ್ಕ ಕೂಸಿನ ಮೈ ಕಟ್ಟೋಕೆ ಏನು ಬೇಕೋ ಅದು ಇದರಲ್ಲೇ ಹೆಚ್ಚು. ಮುಂಚೆ ಹುಟ್ಟಿದ ಮಗುವಿಗೆ ಅಂತಲೇ ಆ ಎದೆ ಬೇರೆ ಥರ ಹಾಲು ಮಾಡುತ್ತೆ ಲೀಟರಪ್ಪನವರೇ. ಕೆನೆ ನೋಡಿ ತೂಕ ಹಾಕೋ ಹಾಲಲ್ಲ ಇದು."

ಬಾಟಲಿಗಳ ಮೇಲಿನ ಚೀಟಿಯಲ್ಲಿದ್ದ ಸಂಖ್ಯೆಯನ್ನು ಅವನು ಓದಿದ. ಮೂವತ್ತೊಂದು.

ಸಿಸ್ಟರಿಗೆ ಅವನ ಮುಖದ ಬಣ್ಣ ಬದಲಾದದ್ದು ಕಾಣಲಿಲ್ಲ. ಖಾನೆ ಮುಚ್ಚುತ್ತಾ ತಮ್ಮಷ್ಟಕ್ಕೆ ಹೇಳುತ್ತಿದ್ದರು: ಒಳಗೆ ಇಂಥ ಕೂಸುಗಳು ಈಗ ಮೂರಿವೆ, ನಿಮ್ಮ ಮೊಮ್ಮಗಳು ಸೇರಿದರೆ ನಾಲ್ಕು, ಇದು ಮೂರು ದಿನಕ್ಕೂ ಸಾಲದು, ಕೊಡುತ್ತಿದ್ದವರು ಹತ್ತು ದಿನದಿಂದ ನಿಲ್ಲಿಸಿದ್ದಾರೆ, ಫೋನು ಮಾಡಿದರೆ ಇನ್ನು ಸಾಕು ಸಿಸ್ಟರ್ ಎಂದರು, ಬಲವಂತ ಮಾಡುವ ವಿಷಯವಲ್ಲವಲ್ಲ.

ನಾಲ್ಕು ದಿನ ಇದ್ದು ಹೋದ ಕೂಸು ಲೀಟರಪ್ಪನ ಕಣ್ಣಿಗೆ ಕಟ್ಟಿತು. ಕೂಸು ಹೋದದ್ದು ಮನೆಯವರಿಗೆಲ್ಲ ಗೊತ್ತಾಗಿತ್ತು, ಆಕೆಯ ಎದೆಗೆ ಗೊತ್ತಾಗಿರಲಿಲ್ಲ. ಅದು ಏಳು ತಿಂಗಳಿಗೇ ಹುಟ್ಟಿದ ಕೂಸೊಂದು ಎಲ್ಲೋ ಹಸಿದಿದೆ ಎಂದು ನಂಬಿಕೊಂಡು, ಅಂಥ ಕೂಸಿಗೆ ತಕ್ಕ ಹಾಲನ್ನೇ ದಿನವೂ ಕಟ್ಟುತ್ತಿತ್ತು. ಅದರ ನಂಬಿಕೆ ಸುಳ್ಳಾಗಿರಲಿಲ್ಲ. ಅಂಥ ಕೂಸುಗಳು ನಿಜವಾಗಿ ಈ ಗೋಡೆಯಾಚೆ ಮಲಗಿದ್ದವು. ಅವುಗಳಲ್ಲಿ ಒಂದು ಅವನ ಮೊಮ್ಮಗಳು. ಆ ಹಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಅವನು ಹೇಳಿದ್ದು ಏನು!

ಸಂಜೆ ಮಗಳ ಹಾಸಿಗೆಯ ಪಕ್ಕದಲ್ಲಿ ನಿಂತು, "ರುಜು ಹಾಕು ಮಗಳೇ" ಎಂದ.

"ನೋಡಿಕೊಂಡು ಬಂದ್ಯಾ ಅಪ್ಪ?"

"ಇಷ್ಟು ದಿನ ಹೊತ್ತುಕೊಂಡು ಬಂದೆ ಅಷ್ಟೇ. ನೋಡಿದ್ದು ಇವತ್ತು."

ಯಾರ ಹಾಲೆಂದು ತಿಳಿಯಿತೇ ಎಂದು ಬೀಗಿತ್ತಿ ಕೇಳಿದರು. ತಿಳಿದಿದ್ದರೂ ಹೇಳುವಂತಿಲ್ಲ ಎಂದ. ಅವರ ಮುಖದಲ್ಲಿ ಕಳವಳ ಹಾಗೇ ಉಳಿದದ್ದು ಕಂಡು ಒಂದು ಮಾತು ಸೇರಿಸಿದ: "ಗುಣದ ಮಾತು ಹೇಳಿದ್ರಲ್ಲ ಬೀಗಿತ್ತಿ. ಈ ಹುಡುಗಿಗೆ ಕೊಟ್ಟವರ ಗುಣ ನಿಜವಾಗಿ ಬಂದ್ರೆ, ನಾವು ಇಬ್ಬರೂ ಸೇರಿ ಕಲಿಸೋಕೆ ಏನೂ ಉಳಿಯಲ್ಲ." ಹೆಂಡತಿ ತಲೆಯೆತ್ತಿ ನೋಡಿದಳು, ಈ ಸಲ ಚುಚ್ಚುಮಾತು ಆಡಲಿಲ್ಲ. ಮಗಳು ರುಜು ಹಾಕಿದಳು.

ಹಾಲು ಹಾಕುವುದನ್ನು ಅವರೆಲ್ಲ ಗಾಜಿನ ಗೋಡೆಯ ಈಚೆಯಿಂದ ನೋಡಿದರು. ಮಗಳು ಮಾತ್ರ ಒಳಗೆ, ಗಾಲಿಕುರ್ಚಿಯಲ್ಲಿ. ಕೂಸಿನ ಬಾಯಿಂದ ಹೊಟ್ಟೆಗೆ ದಾರದಷ್ಟು ಸಣ್ಣ ನಳಿಕೆ ಇಳಿಸಿದ್ದರು. ನರ್ಸು ಅದರ ತುದಿಗೆ ಸಿರಿಂಜಿನ ಕೊಳವೆಯೊಂದನ್ನು ಸಿಕ್ಕಿಸಿ ನೆಟ್ಟಗೆ ಹಿಡಿದು, ಹಾಲು ಹಾಕಿದಳು. ಎರಡು ಮಿಲಿಲೀಟರು. ಒತ್ತಲಿಲ್ಲ, ದೂಡಲಿಲ್ಲ; ತನ್ನ ಭಾರಕ್ಕೆ ತಾನೇ ಇಳಿಯಲೆಂದು ಹಿಡಿದು ನಿಂತಳು. ಹಾಲಿನ ಗೆರೆ ಇಳಿಯುತ್ತಿದೆಯೋ ಇಲ್ಲವೋ ಎನ್ನುವಷ್ಟು ನಿಧಾನ. ನೀಲಿ ಬೆರೆತ ಆ ಬಿಳುಪನ್ನು ಲೀಟರಪ್ಪ ಕಣ್ಣು ಮಿಟುಕಿಸದೆ ನೋಡಿದ. ಲಕ್ಷ ಲಕ್ಷ ಲೀಟರು ಹಾಲು ಅಳೆದವನು ಅವನು. ಒಂದು ಹನಿ ಎಲ್ಲಿಗೆ ಹೋಗಿ ಏನಾಗುತ್ತದೆಂದು ಒಮ್ಮೆಯೂ ಕಂಡಿರಲಿಲ್ಲ. ಕೊಳವೆ ಬರಿದಾದಾಗ ಕೂಸು ತುಟಿಯನ್ನು ಒಮ್ಮೆ ಚಪ್ಪರಿಸಿತು. ಬಾಯಿಗೆ ರುಚಿಯೇ ತಗಲಿರಲಿಲ್ಲ, ಹಾಲು ನೇರ ಹೊಟ್ಟೆಗಿಳಿದಿತ್ತು, ಆದರೂ ಚಪ್ಪರಿಸಿತು. ಬೀಗಿತ್ತಿ ಗಾಜಿಗೆ ಅಂಗೈ ಒತ್ತಿ, ಒಳಗಿದ್ದ ನರ್ಸಿಗೆ ಕೇಳಿಸದೆಂಬುದನ್ನೂ ಮರೆತು, "ನಿಧಾನ ಕಣಮ್ಮಾ, ನಿಧಾನ" ಎನ್ನುತ್ತಿದ್ದರು.

ಮರುದಿನ ಬೆಳಗ್ಗೆ ಲೀಟರಪ್ಪ ಎಲ್ಲ ಮನೆಗಿಂತ ಮೊದಲು ಹಳೆಯ ಕಟ್ಟಡದ ಮುಂದೆ ಸ್ಕೂಟರು ನಿಲ್ಲಿಸಿದ. ಹಾಲು ಕೇಳಲು ಹೋಗುವುದು ತರವಲ್ಲ. ಸಾಕು ಎಂದವರನ್ನು ಮತ್ತೆ ಕೇಳುವಂತಿಲ್ಲ. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ಇರುವುದೂ ಸಾಧ್ಯವಿರಲಿಲ್ಲ. ತಂಪುಪೆಟ್ಟಿಗೆಯನ್ನು ಸ್ಕೂಟರಿನಲ್ಲೇ ಬಿಟ್ಟು, ಬರಿಗೈಯಲ್ಲಿ ಮೂರು ಮಹಡಿ ಹತ್ತಿದ.

ಈ ಸಲ ಬಾಗಿಲು ತೆರೆದದ್ದು ಆಕೆಯೇ. ಬೆರಳಲ್ಲಿ ಅಂಟಿನ ಕಲೆಯಿತ್ತು. ಅವನ ಬರಿಗೈ ನೋಡಿ ಆಕೆಗೆ ಆಶ್ಚರ್ಯವಾಯಿತು.

"ಅಮ್ಮಾ, ಅವತ್ತು ನಾನು ತೆಳ್ಳಗಿದೆ ಅಂದೆ. ಅದು ಹಸುವಿನ ಹಾಲು ಅಳೆದವನ ಬಾಯಿ. ನನಗೆ ತಿಳೀದೇ ಅಂದೆ, ತಪ್ಪಾಯ್ತು. ಅದನ್ನ ಹೇಳೋಕೆ ಬಂದೆ, ಬೇರೆ ಏನಕ್ಕೂ ಅಲ್ಲ."

ಅವನು ತನಗೆ ಹೇಳಲು ಅನುಮತಿಯಿದ್ದಷ್ಟನ್ನು ಹೇಳಿದ. ಮುಂಚೆ ಹೆತ್ತ ತಾಯಿಯ ಹಾಲನ್ನು ಬೇರೆ ಖಾನೆಯಲ್ಲಿ ಇಡುತ್ತಾರೆಂದೂ, ಬೇರೆ ಹಾಲಿಗೆ ಬೆರೆಸುವುದಿಲ್ಲವೆಂದೂ, ಎಲ್ಲಕ್ಕಿಂತ ಸಣ್ಣ ಕೂಸುಗಳಿಗೆ ಅದನ್ನೇ ಹಾಕುತ್ತಾರೆಂದೂ ಹೇಳಿದ. ಯಾವ ಕೂಸೆಂದು ಹೇಳಲಿಲ್ಲ. ಆಕೆ ಬಾಗಿಲ ಅಂಚನ್ನು, ಪುಸ್ತಕದ ಹಾಳೆಗಳ ಅಂಚು ಸರಿಮಾಡುವ ಹಾಗೆ, ಹೆಬ್ಬೆರಳಿನಿಂದ ತೀಡುತ್ತಾ ಕೇಳಿದಳು.

"ನೀರಿನ ಥರ ಇದೆ, ಸುಮ್ಮನೆ ಅವರಿಗೂ ತೊಂದರೆ ಅಂತ ನಿಲ್ಲಿಸಿದೆ ಅಣ್ಣ. ಮಗು ಉಳಿಸ್ಕೊಳ್ಳೋಕೆ ಆಗ್ಲಿಲ್ಲ, ಹಾಲೂ ಸರಿಯಿಲ್ಲ ಅನ್ನಿಸ್ತು."

ಲೀಟರಪ್ಪ ತಲೆ ತಗ್ಗಿಸಿ ನಿಂತ. ಡೈರಿಯ ಸಾಲಿನಲ್ಲಿ ಎಷ್ಟೋ ಜನ ಅವನೆದುರು ಹಾಗೆ ನಿಂತಿದ್ದರು.

"ಸ್ವಲ್ಪ ಇರಿ" ಎಂದು ಆಕೆ ಒಳಗೆ ಹೋದಳು. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿಸಿತು. ತಿರುಗಿ ಬಂದಾಗ ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ಮಂಜು ಕಟ್ಟಿದ ಆರು ಬಾಟಲಿಗಳು. ಒಂದೊಂದರ ಮೇಲೂ ಮೂವತ್ತೊಂದು ಎಂಬ ಸಂಖ್ಯೆ, ತಾರೀಖು, ಕೂದಲೆಳೆಯಷ್ಟೂ ಸೊಟ್ಟಗಿರದ ಚೀಟಿ.

"ಎದೆ ಕಟ್ಟಿಕೊಂಡು ನೋವಾಗ್ತಿತ್ತು, ಹಿಂಡಲೇಬೇಕಿತ್ತು. ಹಿಂಡಿದ ಮೇಲೆ ಚೆಲ್ಲೋಕೆ ಮನಸ್ಸು ಬರ್ಲಿಲ್ಲ" ಎಂದಳು.

ಅವನು ಬಾಟಲಿಗಳನ್ನು ನೋಡಿದ. ಮೊದಲನೆಯದು ತುಂಬಿತ್ತು. ಎರಡನೆಯದು ಸ್ವಲ್ಪ ಕೆಳಗೆ, ಮೂರನೆಯದು ಇನ್ನೂ ಕೆಳಗೆ. ಇಳಿಯುವ ಮೆಟ್ಟಿಲುಗಳಂತೆ ಹಾಲಿನ ಮಟ್ಟ ತಗ್ಗುತ್ತಾ ಬಂದಿತ್ತು. ನಿನ್ನೆಯ ತಾರೀಖಿನ ಆರನೆಯ ಬಾಟಲಿಯಲ್ಲಿ ತಳಕ್ಕೆ ಹತ್ತಿದ ಒಂದು ಪಟ್ಟಿಯಷ್ಟೇ ಇತ್ತು. ಆಕೆ ಅದನ್ನು ತಟ್ಟೆಯಿಂದ ತೆಗೆದು ತನ್ನ ಕಡೆಗೆ ಸರಿಸಿಕೊಂಡಳು.

"ಇದು ಬಿಡಿ. ಬತ್ತುತ್ತಾ ಬಂತು. ಇಷ್ಟಕ್ಕೆ ಬಾಟಲಿನೂ ದಂಡ."

ಲೀಟರಪ್ಪ ಎರಡೂ ಕೈ ಚಾಚಿದ. ಆಕೆ ಸ್ವಲ್ಪ ಅನುಮಾನಿಸಿ ಬಾಟಲಿ ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿಯಲಿಲ್ಲ, ವಾಲಿಸಲಿಲ್ಲ. ಪಕ್ಕದಲ್ಲಿ ಮುದ್ರಿಸಿದ್ದ ಗೆರೆಯನ್ನು ಮಾತ್ರ ಕಣ್ಣು ಕಿರಿದುಮಾಡಿ ಓದಿದ. ಹದಿನೈದು ಮಿಲಿಲೀಟರ್.

"ಇಲ್ಲಮ್ಮಾ, ನಾನು ನೋಡಿದ್ದೀನಿ. ಅವಕ್ಕೆ ಒಂದು ಸಲಕ್ಕೆ ಎರಡು ಮಿಲಿಲೀಟರ್ ಹಾಕ್ತಾರೆ. ಇದು ಏಳು ಊಟ."

ಆಕೆ ಬಾಟಲಿಯನ್ನು ನೋಡಿದಳು, ಅವನನ್ನು ನೋಡಿದಳು. ತುಟಿ ಅಲುಗಿತು. ಏಳು ಎಂದು ಮೆಲ್ಲಗೆ ತನಗೆ ತಾನೇ ಹೇಳಿಕೊಂಡಂತಿತ್ತು. ಆಮೇಲೆ, "ಪೆಟ್ಟಿಗೆ ತಂದಿಲ್ವಲ್ಲ ಅಣ್ಣ, ಕರಗಿ ಹೋಗುತ್ತೆ" ಎಂದಳು.

ಅವನು ಬಾಟಲಿಯನ್ನು ತಟ್ಟೆಗಿಟ್ಟು, ಐವತ್ತೆಂಟು ವರ್ಷದ ಮೊಣಕಾಲುಗಳನ್ನು ಮರೆತು ಮೂರು ಮಹಡಿ ಇಳಿದು, ಪೆಟ್ಟಿಗೆ ಹೊತ್ತು ಮತ್ತೆ ಮೂರು ಮಹಡಿ ಹತ್ತಿದ. ಏದುಸಿರು ಬಿಡುತ್ತಲೇ ಕಿಸೆಯಿಂದ ಪ್ರಶ್ನೆಯ ರಟ್ಟು ತೆಗೆದ. ಈ ವಾರ ಜ್ವರ ಬಂದಿತ್ತೇ, ಮಾತ್ರೆ ತೆಗೆದುಕೊಂಡಿರಾ, ಪಂಪು ತೊಳೆದಿರಾ ಎಂದು ಒಂದೂ ಬಿಡದೆ, ಚೌಕಟ್ಟನ್ನು ನೋಡದೆ ಆಕೆಯ ಮುಖ ನೋಡಿಕೊಂಡು ಕೇಳಿದ. ಆಕೆ ಒಂದೊಂದಕ್ಕೂ ಉತ್ತರ ಹೇಳಿದಳು. ಅವನು ಬಾಟಲಿಗಳನ್ನು ಐಸಿನ ನಡುವೆ ಒಂದೊಂದಾಗಿ ಕೂರಿಸಿದ. ಹದಿನೈದರದನ್ನು ಎಲ್ಲಕ್ಕಿಂತ ಕೊನೆಗೆ, ಅಲುಗಾಡದ ಹಾಗೆ, ನಟ್ಟನಡುವೆ ಇಟ್ಟ.